ಸಿಕ್ಕು ತುಂಬಿದ ಸೋಫಾ

ನಮ್ಮ ಮನೆಗೊಂದು ವಾಸನೆಯಿತ್ತು ಎನ್ನುವುದು ನನಗೆ ಗೊತ್ತಾದದ್ದು ಒಂದು ಸೋಫಾದಿಂದ. ಅಲ್ಲಿಯವರೆಗೆ ನಮ್ಮ ಮನೆಯ ವಾಸನೆಗಳೆಂದರೆ ಉಪ್ಪುಸಾರಿನ ಬೆಳ್ಳುಳ್ಳಿ, ಅಪ್ಪನ ಬೀಡಿ, ಅಮ್ಮನ ತಲೆಯ ಹರಳೆಣ್ಣೆ, ಇಷ್ಟೇ ಎಂದುಕೊಂಡಿದ್ದೆ. ಶಿಡ್ಲಘಟ್ಟದ ಆ ಬೀದಿಯಲ್ಲಿ ಯಾರ ಮನೆಯ ಹಿತ್ತಲಿಗೆ ಹೋದರೂ ರೇಷ್ಮೆ ಬಿಚ್ಚುವ ಚರಕ ಇರುತ್ತಿತ್ತು, ಪಕ್ಕದಲ್ಲಿ ಕುದಿಯುವ ನೀರಿನ ಬಾಣಲೆ ಇರುತ್ತಿತ್ತು. ನಾನು ಶಾಲೆಯಿಂದ ಬಂದವಳೇ ಬಾಣಲೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಗೂಡುಗಳು ಬಿಸಿನೀರಿನಲ್ಲಿ ತೇಲುತ್ತ, ಒಂದನ್ನೊಂದು ಮೆಲ್ಲಗೆ ತಳ್ಳುತ್ತ ತಿರುಗುತ್ತಿದ್ದವು. ಕಣ್ಣಿಗೆ ಕಂಡೂ ಕಾಣದಂಥ ಎಳೆಯೊಂದು ನೀರಿನಿಂದೆದ್ದು, ಹಬೆಯೊಳಗೆ ಹಾದು, ರಾಟೆಯ ಮೇಲೆ ಹೋಗಿ ಇದ್ದಕ್ಕಿದ್ದಂತೆ ಹೊಳೆಯುತ್ತಿತ್ತು. ಗೂಡು ತೆಳ್ಳಗಾಗುತ್ತ ಬಂದು ಒಳಗಿನ ಹುಳದ ಕಪ್ಪು ನೆರಳು ಕಾಣುವ ಹೊತ್ತಿಗೆ ನನಗೆ ತೂಕಡಿಕೆ ಬರುತ್ತಿತ್ತು. ಬಾಲ್ಯ ಎಂದರೆ ಇವತ್ತಿಗೂ ನನಗೆ ಆ ತೂಕಡಿಕೆಯೇ. ಹಬೆಯ ಆಚೆ ಅಮ್ಮನ ಮುಖ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಶುಕ್ರವಾರ ಅವಳು ಬಾಣಲೆಯ ಅಂಚಿಗೆ ಅರಿಶಿನ ಕುಂಕುಮ ಇಟ್ಟು, ಅನ್ನ ಕೊಡುವ ತಾಯಿ ಎಂದು ಕೈಮುಗಿಯುತ್ತಿದ್ದಳು. ಹಬೆಗೆ ಕುಂಕುಮ ಕರಗಿ ಸಣ್ಣ ಕೆಂಪು ದಾರಿಯಾಗಿ ಇಳಿಯುತ್ತಿತ್ತು. ಹಿತ್ತಲ ಮೂಲೆಯಲ್ಲಿ ಬೆಂದ ಹುಳಗಳ ಗುಡ್ಡೆ, ಅದರ ಪಕ್ಕ ರಾಟೆಗೆ ಏರದೆ ಉಳಿದ ಸಿಕ್ಕುನೂಲಿನ ಮೂಟೆ. ನಾವು ಅದನ್ನು ಸಿಕ್ಕು ಎಂದೇ ಕರೆಯುತ್ತಿದ್ದೆವು. ವಾರಕ್ಕೊಮ್ಮೆ ಯಾರೋ ಬಂದು ಎರಡನ್ನೂ ಕೊಂಡೊಯ್ಯುತ್ತಿದ್ದರು.

ಸರೋಜತ್ತೆ ಅಪ್ಪನ ಒಬ್ಬಳೇ ತಂಗಿ. ಅವಳನ್ನು ಗೌರಿಬಿದನೂರು ಕಡೆಯ ಹಳ್ಳಿಗೆ, ಜೋಳ ಬೆಳೆಯುವ ಮನೆತನಕ್ಕೆ ಕೊಟ್ಟಿದ್ದರು. ಮದುವೆಯಲ್ಲಿ ಅಪ್ಪ ಮೂರು ಜನ ಕೂರುವ ಒಂದು ಸೋಫಾ ಕೊಟ್ಟಿದ್ದ. ನಮ್ಮ ಮನೆಯಲ್ಲೇ ಸೋಫಾ ಇರಲಿಲ್ಲ, ಚಾಪೆಯೇ ನಮಗೆ ಎಲ್ಲ. ಎರಡು ವರ್ಷ ತುಂಬುವ ಮುಂಚೆ ಒಂದು ಮಧ್ಯಾಹ್ನ ನಮ್ಮ ಬೀದಿಗೆ ಟ್ರ್ಯಾಕ್ಟರ್ ಬಂತು. ಹಿಂದಿನ ಟ್ರೇಲರಿನಲ್ಲಿ ಸೋಫಾ, ಸೋಫಾದ ನಟ್ಟನಡುವೆ ಸರೋಜತ್ತೆ. ತಲೆಯ ಮೇಲೆ ಸೆರಗು ಹೊದ್ದು, ಕಾಲ ಬಳಿ ಟ್ರಂಕು ಇಟ್ಟುಕೊಂಡು, ಬೀದಿಯನ್ನೆಲ್ಲ ಮೇಲಿನಿಂದ ನೋಡುತ್ತ ಬಂದಳು. ನನಗೆ ಆಗ ಹತ್ತು ವರ್ಷ. ಅಷ್ಟು ಚಂದದ ಬರುವಿಕೆಯನ್ನು ನಾನು ಅದುವರೆಗೆ ನೋಡಿರಲಿಲ್ಲ, ಕುಣಿದುಬಿಟ್ಟೆ. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು ಬಾಯಿಗೆ ಕೈ ಇಟ್ಟುಕೊಂಡಳು. ದಾರಿಯಲ್ಲಿ ಹಗ್ಗ ಉಜ್ಜಿ ಸೋಫಾದ ರೆಕ್ಸಿನ್ ಉದ್ದಕ್ಕೂ ಹರಿದಿತ್ತು. ಒಂದು ಸ್ಪ್ರಿಂಗು ಹೊರಗೆ ತಲೆ ಹಾಕಿತ್ತು.

"ಏನಮ್ಮ ಇದು, ಸಾಮಾನು ಸಮೇತ?" ಎಂದ ಅಪ್ಪ.

"ಇದು ನೀನು ಕೊಟ್ಟಿದ್ದು. ಅದಕ್ಕೆ ತಂದೆ."

"ಆಗಿದ್ದಾದ್ರೂ ಏನು, ಹೇಳು."

"ನನ್ನ ಮೈ ಹುಳದ ವಾಸನೆ ಬರ್ತದಂತೆ. ಮೂರು ಹೊತ್ತು ಸ್ನಾನ ಮಾಡಿದ್ರೂ ಹೋಗಲ್ವಂತೆ. ನಾನು ಬಡಿಸಿದ್ರೆ ಅವರಿಗೆ ಊಟ ಸೇರಲ್ವಂತೆ."

ಅಪ್ಪ ನಗಲಿಲ್ಲ, ಆದರೆ ನಂಬಲೂ ಇಲ್ಲ. ಗಂಡ ಹೊಡೆದ ಎಂದಿದ್ದರೆ ಅವನು ಆ ಟ್ರ್ಯಾಕ್ಟರಿನಲ್ಲೇ ಜಗಳಕ್ಕೆ ಹೊರಡುತ್ತಿದ್ದ. ವಾಸನೆ ಎಂಬ ಕಾರಣವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎನ್ನುವುದೇ ಅವನಿಗೆ ತಿಳಿಯಲಿಲ್ಲ. ಅಂದು ಸಂಜೆ ಮುದ್ದೆ ಮುರಿಯುತ್ತ ಅವನು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ.

"ಮಕ್ಕಳು ಸುಳ್ಳು ಹೇಳಲ್ಲ. ಹೋಗಮ್ಮ, ನಿಮ್ಮತ್ತೆ ಕೈ ಮೂಸಿ ನೋಡು. ವಾಸನೆ ಬರ್ತದಾ?"

ನಾನು ಎಂಜಲು ಕೈಯಲ್ಲೇ ಎದ್ದು ಹೋಗಿ ಅತ್ತೆಯ ಮೊಣಕೈಗೆ ಮೂಗಿಟ್ಟೆ. ಸೀಗೆಕಾಯಿ ಉಜ್ಜಿ ಉಜ್ಜಿ ಅವಳ ಚರ್ಮ ಒರಟಾಗಿ, ಅಲ್ಲಲ್ಲಿ ಬಿಳಿ ಪೊರೆ ಎದ್ದಿತ್ತು.

"ಇಲ್ಲಪ್ಪ, ಏನೂ ಬರಲ್ಲ."

"ನೋಡಿದ್ಯಾ?" ಎಂದು ಅಪ್ಪ ತಂಗಿಗೆ ಹೇಳಿದ. ಅತ್ತೆ ತಟ್ಟೆ ನೋಡುತ್ತ ಕೂತಳು. ನಾನು ಅವಳ ಪರವಾಗಿ ಸಾಕ್ಷಿ ಹೇಳಿದ್ದೇನೆ ಎಂದುಕೊಂಡಿದ್ದೆ. ಅವಳು ಗಂಡನ ಮನೆ ಬಿಟ್ಟು ಬರಲು ಕಟ್ಟಿದ ಕತೆ ಇದು ಎಂದು ನನ್ನ ಬಾಯಿಂದಲೇ ಸಾಬೀತಾಯಿತು ಎನ್ನುವುದು ನನಗೆ ತಿಳಿಯಲಿಲ್ಲ. ಮಾರನೆಯ ದಿನದಿಂದ ಸ್ನಾನ ಮುಗಿಸಿ ಬಂದ ಕೂಡಲೇ ಅತ್ತೆ ನನ್ನ ಮುಂದೆ ಕೈ ಚಾಚುತ್ತಿದ್ದಳು. "ಬರ್ತದಾ?" ಅನ್ನುತ್ತಿದ್ದಳು. "ಇಲ್ಲತ್ತೆ," ಅನ್ನುತ್ತಿದ್ದೆ. ಅದು ನಮ್ಮಿಬ್ಬರ ಬೆಳಗಿನ ಪೂಜೆಯಂತಾಯಿತು. ನಾನು ಇಲ್ಲ ಎಂದಾಗಲೆಲ್ಲ ಅವಳ ಮುಖ ಯಾಕೆ ಅಷ್ಟು ಸಣ್ಣದಾಗುತ್ತದೆ ಎಂದು ನಾನು ಯೋಚಿಸಿದವಳೇ ಅಲ್ಲ.

ಸೋಫಾವನ್ನು ಅಪ್ಪ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮೇಲೆ ಹಳೆಯ ದುಪ್ಪಟಿ ಹೊದಿಸಿದ. ಸಮಾಧಾನ ಮಾಡಿ ತಂಗಿಯನ್ನು ವಾಪಸು ಕಳಿಸುವಾಗ ಅದನ್ನೂ ಕಳಿಸುವುದು ಎಂದು ಅವನ ಲೆಕ್ಕ. ಮಧ್ಯಾಹ್ನ ಎಲ್ಲರೂ ಚರಕದ ಹತ್ತಿರ ಇರುವಾಗ ನಾನು ಆ ದುಪ್ಪಟಿಯೊಳಗೆ ನುಸುಳಿ, ಗೋಡೆಗೂ ಸೋಫಾಕ್ಕೂ ನಡುವಿನ ಕತ್ತಲಲ್ಲಿ ಮಲಗುತ್ತಿದ್ದೆ. ಕಿಟಕಿಯ ಬಿಸಿಲು ದುಪ್ಪಟಿಯ ಹೂಗಳಲ್ಲಿ ಹಾದು ನನ್ನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಹಿತ್ತಲಿನಿಂದ ರಾಟೆಯ ಸದ್ದು, ಬಸ್ ಸ್ಟ್ಯಾಂಡಿನ ಕಡೆಯಿಂದ ಚಿಂತಾಮಣಿ, ಚಿಂತಾಮಣಿ ಎಂದು ಕೂಗುವ ಕಂಡಕ್ಟರನ ದನಿ. ಅಲ್ಲಿ ಮಲಗಿದಾಗ ನಾನೂ ಎಲ್ಲಿಂದಲೋ ಎಲ್ಲಿಗೋ ಟ್ರೇಲರಿನಲ್ಲಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ದಿನ ಅತ್ತೆ ದುಪ್ಪಟಿ ಎತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಹರಿದ ರೆಕ್ಸಿನ್ನಿನೊಳಗೆ ಕೈ ಹಾಕಿ, ಪುಡಿಯಾದ ತೆಂಗಿನ ನಾರನ್ನು ಹಿಡಿ ತುಂಬ ಹೊರಗೆ ತೆಗೆದು ಬೆಳಕಿಗೆ ಹಿಡಿದಳು.

"ಇದನ್ನ ನಾನೇ ಮಾಡ್ತೀನಿ ಕಣೇ," ಎಂದಳು.

ಅಪ್ಪನಿಗೆ ಖುಷಿಯಾಯಿತು. ಹೊರಡುವ ತಯಾರಿ ಎಂದು ತಿಳಿದು ಹೂಂ ಎಂದ. ಅತ್ತೆ ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹಿಂದೆ ಬಸ್ಸಿನ ಸೀಟು ಹೊಲಿಯುತ್ತಿದ್ದ ರಹಮತ್ ಸಾಬರ ಅಂಗಡಿಗೆ ಹೋದಳು. ಸಾಬರದು ಬಾಯಿ ತುಂಬ ಮೊಳೆ. ಮಾತಾಡಬೇಕೆಂದರೆ ಒಂದೊಂದೇ ಮೊಳೆ ಅಂಗೈಗೆ ಉಗುಳಬೇಕು. ಹಾಗಾಗಿ ಬಹಳ ಕಡಿಮೆ ಮಾತಾಡುತ್ತಿದ್ದರು. ಹೆಣ್ಣುಮಗಳೊಬ್ಬಳು ಸೋಫಾ ಹೊಲಿಯುವುದು ಕಲಿಯಬೇಕು ಎಂದದ್ದಕ್ಕೆ ಅವರು ಪೂರಾ ಒಂಬತ್ತು ಮೊಳೆ ಉಗುಳಿದರು.

"ಬಿಚ್ಚೋದು ಮೊದಲು ಕಲೀಮ್ಮಾ. ಹರೀಬೇಡ, ಬಿಚ್ಚು. ಹಳೇ ಬಟ್ಟೆನೇ ನಿನ್ನ ಉಸ್ತಾದ್. ಅದನ್ನ ನೆಲದ ಮೇಲೆ ಹಾಸಿ ಹೊಸದನ್ನ ಕತ್ತರಿಸು. ಆಮೇಲೆ ಎಳೆಯೋದು. ಪೈಲೆ ಬೀಚ್ ಮೇ, ನಡುವಲ್ಲಿ ಒಂದು ಮೊಳೆ. ಎದುರಿಗೆ ಒಂದು ಮೊಳೆ. ಮೂಲೆ ಕೊನೆಗೆ."

ಆ ಬೇಸಿಗೆಯೆಲ್ಲ ಹಿತ್ತಲ ಹೊಂಗೆಯ ನೆರಳಲ್ಲಿ ಸೋಫಾ ಬಿಚ್ಚಿಕೊಂಡು ಬಿದ್ದಿತ್ತು. ಅತ್ತೆ ಚಾಕುವಿನ ತುದಿಯಿಂದ ಮೊಳೆ ಮೀಟುವಳು, ನಾನು ಆರಿಸಿ ಗಾಜಿನ ಬಾಟಲಿಗೆ ಹಾಕುವೆ. ಬಿಚ್ಚಿದ ತುಂಡುಗಳಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು ಎಂದು ಬರೆದಿದ್ದೆ. ಆದರೆ ಯಾವುದು ಮೇಲು ಯಾವುದು ಕೆಳಗು ಎಂದು ಬರೆಯಲು ಇಬ್ಬರಿಗೂ ಹೊಳೆಯಲಿಲ್ಲ, ಬೆನ್ನಿನ ಬಟ್ಟೆ ತಲೆಕೆಳಗಾಯಿತು. ಅದು ಮೊದಲನೆಯ ಸಲ. ಹಸಿರು ಪಟ್ಟೆಯ ದಪ್ಪ ಬಟ್ಟೆಯನ್ನು ಅಮ್ಮ ಚಿಂತಾಮಣಿಯಿಂದ ಅಪ್ಪನಿಗೆ ಹೇಳದೆ ತಂದುಕೊಟ್ಟಿದ್ದಳು. ಅತ್ತೆ ಆತುರಪಟ್ಟು ಮೂಲೆಯಿಂದ ಎಳೆದು ಮೊಳೆ ಹೊಡೆದಳು. ಪಟ್ಟೆಗಳೆಲ್ಲ ಕುಡಿದವರ ಹಾಗೆ ಒಂದೇ ಕಡೆ ವಾಲಿದವು. ಅದು ಎರಡನೆಯ ಸಲ. ಮತ್ತೆ ಬಿಚ್ಚಿದಳು. ಗೋಣಿಪಟ್ಟಿಗಳನ್ನು ಚೌಕಟ್ಟಿಗೆ ಬಿಗಿದು, ಸ್ಪ್ರಿಂಗುಗಳನ್ನು ಹುರಿಯಿಂದ ಒಂದಕ್ಕೊಂದು ಕಟ್ಟುವಾಗ ಅವಳ ಬೆರಳು ಕುಯ್ದು ಹೋಗಿತ್ತು. ಒಂದು ಸ್ಪ್ರಿಂಗು ಕೈ ತಪ್ಪಿ ಹಾರಿ ಬಾಣಲೆಗೆ ಬಿದ್ದು ಗೂಡುಗಳ ಜೊತೆ ಕುಣಿಯಿತು. ಅವಳು ಬಂದ ಮೇಲೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಅಪ್ಪ ದಿನಕ್ಕೊಮ್ಮೆ ಬಂದು ಕೈ ಹಿಂದೆ ಕಟ್ಟಿಕೊಂಡು ನೋಡಿ, ಇನ್ನೆಷ್ಟು ದಿನ ಎಂದು ಕೇಳಿ ಹೋಗುತ್ತಿದ್ದ.

"ಅತ್ತೆ, ಇದು ಮುಗಿದ್ರೆ ನೀನು ಹೊರಟುಹೋಗ್ತೀಯಾ?" ಎಂದು ಒಂದು ದಿನ ಕೇಳಿದೆ.

"ಹೋಗೋಳು ಇಷ್ಟು ಗಟ್ಟಿಯಾಗಿ ಕಟ್ತಿದ್ನಾ?" ಎಂದು ಗಂಟನ್ನು ಹಲ್ಲಿನಿಂದ ಬಿಗಿದಳು. "ನಿಮ್ಮಪ್ಪನಿಗೆ ಹೇಳಬೇಡ. ನಾನು ಕೂರೋ ಜಾಗ ನಾನು ಮಾಡ್ಕೊಂತಿದೀನಿ. ಆದ್ರೆ ಅಣ್ಣ ಹೋಗು ಅಂದ್ರೆ ಹೋಗಲೇಬೇಕಲ್ಲ."

ಆಗ ನನಗೆ ಭಯವಾಯಿತು. ಅಷ್ಟು ದೊಡ್ಡವಳಾದ ಅತ್ತೆಯೂ ಅಪ್ಪನ ಒಂದು ಮಾತಿಗೆ ಕಾಯುತ್ತಿದ್ದಾಳೆ ಎಂದು ತಿಳಿದ ದಿನ ಅದು.

ಒಳಗೆ ತುಂಬಲು ಹೊಸ ನಾರು ಬೇಕಿತ್ತು. ಅಲ್ಲಿ ನಾವು ಮಾಡಿದ ತಪ್ಪನ್ನು ಶಿಡ್ಲಘಟ್ಟದವರು ಮಾತ್ರ ಮಾಡಬಲ್ಲರು. ಮೂಲೆಯಲ್ಲಿ ಮೂಟೆಗಟ್ಟಲೆ ಸಿಕ್ಕು ಬಿದ್ದಿರುವಾಗ ತೆಂಗಿನ ನಾರು ಯಾಕೆ ಎಂದು ಅತ್ತೆಗೆ ಹೊಳೆಯಿತು. ಸಿಕ್ಕಾದರೂ ರೇಷ್ಮೆಯೇ ತಾನೆ, ರಾಣಿಯರಿಗೂ ಇಂಥ ಮೆತ್ತೆ ಇರಲಿಲ್ಲ ಎಂದು ಅಮ್ಮನೂ ಹೌದೆಂದಳು. ತಾರಸಿಯ ಮೇಲೆ ಎರಡು ದಿನ ಒಣಗಿಸಿದೆವು. ನಾನು ಅದರ ಮೇಲೆ ಬಿದ್ದು ಹೊರಳಾಡಿದೆ. ಮೋಡದ ಮೇಲೆ ಮಲಗಿದರೆ ಹೀಗೇ ಇರಬೇಕು ಎಂದುಕೊಂಡೆ. ಅದರೊಳಗೆ ಅಲ್ಲಲ್ಲಿ ಬೆಂದ ಹುಳದ ಚೂರುಗಳು ಅಂಟಿಕೊಂಡಿದ್ದವು. ಅವನ್ನು ನಾವು ನೋಡಲಿಲ್ಲ ಎಂದಲ್ಲ. ನಮ್ಮ ಕಣ್ಣಿಗೆ ಅವು ಅಕ್ಕಿಯಲ್ಲಿನ ನೆಲ್ಲಿನಷ್ಟೇ ಸಾಮಾನ್ಯ. ಎರಡು ಕೈಗಳಿಗೂ ಬೆನ್ನಿಗೂ ಸೀಟಿಗೂ ಅದನ್ನೇ ಒತ್ತಿ ಒತ್ತಿ ತುಂಬಿ, ಮೂರನೆಯ ಸಲಕ್ಕೆ ಪಟ್ಟೆಗಳು ನೆಟ್ಟಗೆ ನಿಂತವು. ರಹಮತ್ ಸಾಬರು ಬಂದು ಕೂತು, ಎದ್ದು, ಮತ್ತೆ ಕೂತು ಫಸ್ಟ್ ಕ್ಲಾಸ್ ಎಂದರು. ಅವರೂ ನಮ್ಮೂರಿನವರೇ. ಎರಡು ದಿನಕ್ಕೆ ಇರುವೆ ಸಾಲು ಹತ್ತಿತು. ಅಮ್ಮ ಸೋಫಾದ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಳು. ಪಕ್ಕದ ಮನೆಯ ಕೋಳಿಗಳು ಮುಂದಿನ ಬಾಗಿಲಿಗೇ ಬರತೊಡಗಿದವು. ಅವನ್ನು ಓಡಿಸುವುದು ನನ್ನ ಕೆಲಸವಾಯಿತು. ಯಾಕೆ ಬರುತ್ತಿವೆ ಎಂದು ಯಾರೂ ಕೇಳಲಿಲ್ಲ.

ಅಪ್ಪ ಹೇಳಿಕಳಿಸಿದ್ದಕ್ಕೆ ಗೌರಿಬಿದನೂರು ಕಡೆಯಿಂದ ಮೂವರು ಬಂದರು. ಅತ್ತೆಯ ಗಂಡ, ಅವನ ತಾಯಿ, ಅವನ ಅಣ್ಣ. ಉರಿಯುವ ಮಧ್ಯಾಹ್ನ, ಕಿಟಕಿ ಮುಚ್ಚಿದ ಕೋಣೆ. ಅಪ್ಪ ಬಹಳ ಹೆಮ್ಮೆಯಿಂದ ಮೂವರನ್ನೂ ಹಸಿರು ಸೋಫಾದ ಮೇಲೆ ಕೂರಿಸಿದ. ಅತ್ತೆ ನಡುಬಾಗಿಲ ಪರದೆಯ ಹಿಂದೆ ನಿಂತಿದ್ದಳು, ಅವಳ ಸೆರಗು ಹಿಡಿದು ನಾನು. ಅಮ್ಮ ಕಾಫಿ ತಂದಿಟ್ಟಳು. ಆ ತಾಯಿ ಲೋಟಕ್ಕೆ ಕೈ ಚಾಚಿದವಳು ಅರ್ಧಕ್ಕೇ ತಡೆದು, ನಿಧಾನವಾಗಿ ಸೆರಗು ಎತ್ತಿ ಮೂಗಿಗೆ ಒತ್ತಿಕೊಂಡಳು. ಗಂಡನ ಅಣ್ಣ ಎದ್ದು ಹೋಗಿ ಹೊಸ್ತಿಲ ಆಚೆ ನಿಂತು ಉಸಿರು ಬಿಟ್ಟ.

"ಇದೇ ವಾಸನೆ," ಎಂದಳು ತಾಯಿ. "ರಾಮ ರಾಮಾ, ಇಷ್ಟು ದಿನ ನಾವು ಹೇಳ್ತಿದ್ದದ್ದು ಇದೇ ನೋಡಿ."

"ಏನು ವಾಸನೆ?" ಎಂದ ಅಪ್ಪ. ಅವನು ನಿಜವಾಗಿಯೂ ಕೇಳುತ್ತಿದ್ದ.

"ನಿಮಗೆ ಬರ್ತಿಲ್ವಾ? ಕೂತಿರೋದ್ರಲ್ಲೇ ಇದೆಯಲ್ಲಪ್ಪ. ಇಡೀ ಮನೆಯಲ್ಲಿದೆ. ನಿಮ್ಮ ಮೈಯಲ್ಲೂ ಇದೆ."

ಅಪ್ಪ ತನ್ನ ಅಂಗೈಯನ್ನು ಒಮ್ಮೆ ಮೂಸಿಕೊಂಡ. ಅಷ್ಟು ಜನರ ಮುಂದೆಯೇ ಹಾಗೆ ಮಾಡಿ, ಕೈಯನ್ನು ಪಂಚೆಗೆ ಒರೆಸಿಕೊಂಡ. ಗಂಡ ಮಾತ್ರ ಸೋಫಾದ ತುದಿಯಲ್ಲಿ ಮೂಗು ಮುಚ್ಚದೆ ಕೂತಿದ್ದ. ಒಳ್ಳೆಯ ಮನುಷ್ಯ ಅವನು, ಒಳ್ಳೆಯವನಾಗಿ ಸುಮ್ಮನೆ ಕೂತಿದ್ದ. ಅವನ ಬೆರಳು ಅಂಚಿನ ಹೊಲಿಗೆಯ ಮೇಲೆ ಮೆಲ್ಲಗೆ ಓಡಾಡುತ್ತಿತ್ತು.

"ಇದನ್ನ ಯಾರು ಹೊಲಿದಿದ್ದು?" ಎಂದು ಕೇಳಿದ.

"ನಾನು," ಎಂದಳು ಅತ್ತೆ ಪರದೆಯ ಹಿಂದಿನಿಂದ.

"ಚೆನ್ನಾಗಿದೆ."

"ಏಳೋ ನೀನು," ಎಂದಳು ತಾಯಿ. ಅವನು ಎದ್ದ. ಪರದೆಯ ಹಿಂದೆ ಅತ್ತೆ ನನ್ನ ಕೈಯನ್ನು ನೋಯುವಷ್ಟು ಹಿಡಿದುಕೊಂಡಳು, ಆಮೇಲೆ ಬಿಟ್ಟಳು. ಅವನು ಕೂತೇ ಇದ್ದಿದ್ದರೆ ಅವಳು ಅವತ್ತೇ ಟ್ರಂಕು ಎತ್ತಿಕೊಂಡು ಹೊರಡುತ್ತಿದ್ದಳು ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು.

ತಾಯಿ ನಿಂತುಕೊಂಡೇ ತನ್ನ ಮಾತು ಹೇಳಿದಳು. ಸೊಸೆಯನ್ನು ಕರೆದುಕೊಂಡು ಹೋಗಲು ಅವರು ತಯಾರು. ಆದರೆ ಸೋಫಾ ಬೇಡ, ಟ್ರಂಕು ಬೇಡ, ಉಟ್ಟ ಬಟ್ಟೆಯೂ ಬೇಡ, ಹೊಸದು ತಂದಿದ್ದಾರೆ. ಮತ್ತೆ ಅವಳು ಈ ಮನೆಯ ಹೊಸ್ತಿಲು ತುಳಿಯಬಾರದು. ಹಬ್ಬಕ್ಕೂ ಇಲ್ಲ, ಬಾಣಂತನಕ್ಕೂ ಇಲ್ಲ. ಹಿತ್ತಲಲ್ಲಿ ಬಾಣಲೆ ಕುದಿಯುವ ಸದ್ದು ಕೇಳುತ್ತಿತ್ತು. ಅಪ್ಪ ಹೋಗಿ ಕಿಟಕಿ ತೆರೆದ. ಅವರಿಗಾಗಿ ತೆರೆದನೋ ತನಗಾಗಿಯೋ ಗೊತ್ತಿಲ್ಲ.

"ಕಾಫಿ ಕುಡ್ಕೊಂಡು ಹೋಗಿ," ಎಂದ. "ನನ್ನ ತಂಗಿ ಬರಲ್ಲ."

ಅವರು ಕಾಫಿ ಕುಡಿಯಲಿಲ್ಲ. ಮೂರು ಲೋಟಗಳ ಮೇಲೆ ಕೆನೆ ಕಟ್ಟಿಕೊಂಡಿತ್ತು. ಅವರು ಹೋದ ಮೇಲೆ ಅಪ್ಪ ನೆಲದ ಮೇಲೆ ಮಂಡಿಯೂರಿ, ಸೋಫಾದ ಸೀಟಿಗೆ ಮುಖ ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡ. ಅಮ್ಮನನ್ನು ಕರೆದು ಮೂಸಿಸಿದ, ನನ್ನನ್ನು ಕರೆದು ಮೂಸಿಸಿದ. ಯಾರಿಗೂ ಏನೂ ಬರಲಿಲ್ಲ. ಅತ್ತೆ ಪರದೆ ಸರಿಸಿ ಬಂದು ನಿಂತಳು. ಅಪ್ಪ ತಲೆಯೆತ್ತದೆ ಮಾತಾಡಿದ.

"ನೀನು ಹೇಳಿದಾಗ ನಂಬಲಿಲ್ಲ ಕಣಮ್ಮ. ನನಗೆ ಬರದೇ ಇದ್ದಿದ್ದು ಇರೋದೇ ಇಲ್ಲ ಅಂದ್ಕೊಂಡೆ."

ಅತ್ತೆ ಸೋಫಾದ ಮೇಲೆ ಕೂತಳು. ಅದು ಒಳಗೆ ಬಂದ ಮೇಲೆ ಅವಳು ಅದರ ಮೇಲೆ ಕೂತದ್ದು ಅದೇ ಮೊದಲು. ಕೂತು ಅಳತೊಡಗಿದಳು. ಅಪ್ಪ ಕೆಳಗೆ, ತಂಗಿ ಮೇಲೆ. ನಾನು ಯಾರ ಹತ್ತಿರ ಹೋಗಬೇಕು ಎಂದು ತಿಳಿಯದೆ ಕೋಳಿ ಓಡಿಸಲು ಹೊರಗೆ ಹೋದೆ. ನನಗೆ ಏನಾದರೂ ಬುದ್ಧಿ ಅಂತ ಬಂದಿದ್ದರೆ ಅವತ್ತು ಬಂದದ್ದು. ಆಮೇಲೆ ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದೆ. ಹೊಟ್ಟೆನೋವು ಎಂದ ಮಗುವಿಗೆ, ಮನೆಯಲ್ಲಿ ಭಯ ಎಂದ ಮಗುವಿಗೆ, ಸುಳ್ಳು ಹೇಳಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಎಷ್ಟೋ ಸಲ ಮೋಸ ಹೋಗಿದ್ದೇನೆ. ಹೋಗಲಿ.

ಮುಂದಿನ ವಾರವೇ ಸೋಫಾ ಮತ್ತೆ ಹೊಂಗೆಯ ನೆರಳಿಗೆ ಹೋಯಿತು. ಸಿಕ್ಕು ತೆಗೆದು ತೆಂಗಿನ ನಾರು ತುಂಬಿದಳು. ಆ ನಾಲ್ಕನೆಯ ಸಲಕ್ಕೆ ಅವಳ ಕೈ ಕುದುರಿತ್ತು. ರಹಮತ್ ಸಾಬರೇ ಬಂದು ಕೆಲಸಕ್ಕೆ ಕರೆದರು. ಅತ್ತೆ ನಲವತ್ತು ವರ್ಷ ಬಸ್ಸಿನ ಸೀಟು ಹೊಲಿದಳು. ದಿಬ್ಬೂರಹಳ್ಳಿಗೋ ಚಿಂತಾಮಣಿಗೋ ಬಸ್ಸಿನಲ್ಲಿ ಹೋದವರಲ್ಲಿ ಎಷ್ಟು ಜನ ಅವಳ ಹೊಲಿಗೆಯ ಮೇಲೆ ಕೂತು ತೂಕಡಿಸಿದ್ದಾರೋ.

ಈಗ ಆ ಸೋಫಾ ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲಿದೆ, ಅತ್ತೆಯೂ ನನ್ನ ಜೊತೆಗಿದ್ದಾಳೆ. ಎಪ್ಪತ್ತು ದಾಟಿದೆ, ಕಣ್ಣು ಮಂಜು, ನಾಲಿಗೆ ಚುರುಕು. ಶಿಡ್ಲಘಟ್ಟದ ಮನೆಯ ಬಾಣಲೆ ಆರಿ ಬಹಳ ಕಾಲವಾಯಿತು. ಈ ವರ್ಷ ಹಸಿರು ಬಟ್ಟೆ ಪೂರ್ತಿ ಸವೆದು ಹೋದಾಗ ನಾನೇ ಹೊಲಿಯುತ್ತೇನೆ ಎಂದು ಹೊರಟೆ. ಅತ್ತೆ ಮಾಡುವಾಗ ಮೊಳೆ ಆರಿಸಿದ್ದೇ ಹೊರತು ನಾನು ಒಂದು ಮೊಳೆಯನ್ನೂ ಹೊಡೆದವಳಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಮೂಲೆಯಿಂದ ಎಳೆದು ಹೊಸ ಬಟ್ಟೆಯ ಪಟ್ಟೆಗಳನ್ನು ವಾಲಿಸಿದೆ. ಕುರ್ಚಿಯಲ್ಲಿ ಕೂತ ಅತ್ತೆ ಬೆರಳಲ್ಲಿ ತಡವಿ ನೋಡಿ, ಅರವತ್ತಕ್ಕೂ ಬುದ್ಧಿ ಬರಲಿಲ್ಲವಲ್ಲ ಎಂದು ನಕ್ಕಳು. ಮತ್ತೆ ಬಿಚ್ಚಿದೆ. ಸೀಟಾಯಿತು, ಬೆನ್ನಾಯಿತು, ಕೊನೆಗೆ ಸೋಫಾದ ಎಡಗೈ ಬಿಚ್ಚುವಾಗ ಒಳಗೆ ನಾರು ಇರಲಿಲ್ಲ. ಕಂದು ಬಣ್ಣಕ್ಕೆ ತಿರುಗಿದ, ಒತ್ತಿ ಒತ್ತಿ ಗಟ್ಟಿಯಾದ ಸಿಕ್ಕು ಇತ್ತು. ಹಿಡಿ ತುಂಬ ಎಳೆದೆ. ಬಿಚ್ಚಿಕೊಂಡ ಕಡೆ ಅದು ಇನ್ನೂ ಹೊಳೆಯುತ್ತಿತ್ತು.

"ಅತ್ತೆ, ಈ ಕೈಯಲ್ಲಿ ಹಳೇದೇ ಉಳಿದುಬಿಟ್ಟಿದೆ."

"ಉಳಿದಿಲ್ಲ. ಉಳಿಸಿದ್ದು," ಎಂದಳು ಅತ್ತೆ. ಆಮೇಲೆ, ಐವತ್ತು ವರ್ಷಗಳಿಂದ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು. "ಮೂಸಿ ನೋಡು. ಬರ್ತದಾ?"

ನಾನು ಮೂಗಿಗೆ ಹಿಡಿದೆ. ಏನೂ ಇರುವುದಿಲ್ಲ ಎಂದುಕೊಂಡೇ ಹಿಡಿದೆ. ಮೊದಲು ಧೂಳು ಬಂತು. ಅದರ ಹಿಂದಿನಿಂದ, ಸಣ್ಣಗೆ, ಬೆಂದ ಹುಳದ ಕಮಟು ವಾಸನೆ ಬಂತು. ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡೆ, ಮತ್ತೆ ಮೂಗಿಗೆ ಹಿಡಿದೆ. ಆ ವಾಸನೆಯೊಳಗೆ ಹಬೆಯಿತ್ತು, ಕರಗಿದ ಕುಂಕುಮವಿತ್ತು, ಅಂಗೈ ಮೂಸಿಕೊಂಡ ಅಪ್ಪನಿದ್ದ. ಇದರ ನಡುವೆಯೇ ಉಂಡು, ಮಲಗಿ, ಬೆಳೆದಿದ್ದೆ. ಬೆಳಗಾದರೆ ಅವಳ ಕೈ ಹಿಡಿದು ಇಲ್ಲ ಎನ್ನುತ್ತಿದ್ದೆ.

"ಬರ್ತದೆ ಅತ್ತೆ," ಎಂದೆ. "ತುಂಬಾ ಬರ್ತದೆ."

ಅತ್ತೆ ಕಣ್ಣು ಮುಚ್ಚಿ ಕುರ್ಚಿಗೆ ತಲೆಯಾನಿಸಿದಳು. ಬಹಳ ದೂರದಿಂದ ನಡೆದು ಬಂದು ಕೂತವಳ ಹಾಗೆ ಕಾಣಿಸಿದಳು.

"ಸರಿ," ಎಂದಳು. "ಹಂಗಾದ್ರೆ ಅದನ್ನ ಅಲ್ಲೇ ತುಂಬಿ ಹೊಲಿ. ನಡುವಿಂದ ಎಳಿ."